ಪ್ರಾಜೆಕ್ಟ್ ವರದಿಗೆ ಯಾವ ಮಾಹಿತಿ ಎಲ್ಲಿ ಸಿಗುತ್ತದೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪದವಿ, ಸ್ನಾತಕೋತ್ತರ ಪ್ರಾಜೆಕ್ಟ್ ವರದಿಗಳು ಮಾರ್ಗದರ್ಶಕರ ಮೇಜಿನಿಂದ ವಾಪಸ್ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ವಿದ್ಯಾರ್ಥಿ ಇಡೀ ಶೀರ್ಷಿಕೆಯನ್ನು ಗೂಗಲ್‌ನಲ್ಲಿ ಹಾಕಿ, ಮೊದಲಿಗೆ ಬಂದ ನಾಲ್ಕು ಪುಟಗಳಿಂದಲೇ ಎಲ್ಲ ಅಧ್ಯಾಯಗಳನ್ನು ತುಂಬಿಸಿರುತ್ತಾರೆ. ಜನಸಂಖ್ಯೆಗೆ ಪತ್ರಿಕೆಯ ಸುದ್ದಿ, ಇತಿಹಾಸಕ್ಕೆ ಪ್ರವಾಸಿ ವೆಬ್‌ಸೈಟ್, ಕೂಲಿ ದರಕ್ಕೆ ವಿಕಿಪೀಡಿಯ. ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ನೆಲೆ ಇದೆ. ಆ ನೆಲೆಗೆ ಹೋಗದೆ ಎಷ್ಟು ಹುಡುಕಿದರೂ ಸಿಗುವುದು ಎರಡನೆಯ, ಮೂರನೆಯ ಕೈಯ ಸರಕು.

ಈ ಬರಹದ ಉದ್ದಕ್ಕೂ ಒಂದೇ ವಿಷಯವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: "ಇಳಕಲ್ ಸೀರೆ ನೇಯುವ ಕುಟುಂಬಗಳ ಆರ್ಥಿಕ ಸ್ಥಿತಿ". ನಿಮ್ಮ ವಿಷಯ ದ್ರಾಕ್ಷಿ ಬೆಳೆ ಇರಲಿ, ಆಲಮಟ್ಟಿ ಹಿನ್ನೀರಿನ ಸಂತ್ರಸ್ತರು ಇರಲಿ, ಐಹೊಳೆಯ ಗುಡಿಗಳು ಇರಲಿ, ಕ್ರಮ ಇದೇ.

ಮೊದಲು ಜೋಡಿಸಿಕೊಳ್ಳಬೇಕಾದವು

ಒಂದು ನೋಟ್‌ಬುಕ್. ಮೊಬೈಲ್‌ನಲ್ಲಿ ಯೂನಿಕೋಡ್ ಕನ್ನಡ ಕೀಲಿಮಣೆ. ಅಂಕಿಗಳಿಗೆ ಒಂದು ಎಕ್ಸೆಲ್ ಹಾಳೆ. ಜೊತೆಗೆ ಕಾಲೇಜು ಗ್ರಂಥಾಲಯದಿಂದ ಎನ್‌-ಲಿಸ್ಟ್ ಲಾಗಿನ್. ಇದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಸೌಲಭ್ಯ. ದುಡ್ಡು ಕೊಟ್ಟು ಓದಬೇಕಾದ ಇ-ಪುಸ್ತಕ, ಜರ್ನಲ್‌ಗಳು ಇದರಿಂದ ಸಿಗುತ್ತವೆ. ನಿಮ್ಮ ಕಾಲೇಜು ಸದಸ್ಯತ್ವ ಪಡೆದಿದ್ದರೂ ಲಾಗಿನ್ ತಾನಾಗಿ ಬರುವುದಿಲ್ಲ, ಗ್ರಂಥಪಾಲಕರನ್ನು ಕೇಳಿ ಮಾಡಿಸಿಕೊಳ್ಳಬೇಕು. ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದವರಾದರೆ 2025ರ ಜನವರಿಯಲ್ಲಿ ಶುರುವಾದ, ಸರ್ಕಾರವೇ ಚಂದಾ ಕಟ್ಟಿ ಜರ್ನಲ್ ಓದಿಸುವ "ಒಂದು ರಾಷ್ಟ್ರ, ಒಂದು ಚಂದಾ" ಯೋಜನೆಯಡಿ ನಿಮ್ಮ ಸಂಸ್ಥೆ ನೋಂದಣಿ ಆಗಿದೆಯೇ ಎಂದೂ ಅದೇ ಹೊತ್ತಿಗೆ ವಿಚಾರಿಸಿ.

ಹಂತ 1: ಶೀರ್ಷಿಕೆಯನ್ನು ಪ್ರಶ್ನೆಗಳಾಗಿ ಒಡೆಯಿರಿ

ಶೀರ್ಷಿಕೆಯನ್ನೇ ಹುಡುಕಲು ಹೋಗಬೇಡಿ, ಅದರೊಳಗಿನ ಪ್ರಶ್ನೆಗಳನ್ನು ಹುಡುಕಿ. ನಮ್ಮ ಉದಾಹರಣೆಯಲ್ಲಿ ಕನಿಷ್ಠ ಆರು ಪ್ರಶ್ನೆಗಳಿವೆ. ಇಳಕಲ್‌ನ ಜನಸಂಖ್ಯೆ ಎಷ್ಟು, ಅದರಲ್ಲಿ ಕೆಲಸಗಾರರು ಎಷ್ಟು? ಕೈಮಗ್ಗಗಳು ಎಷ್ಟು? ಈ ಸೀರೆಗೆ ಇರುವ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ನೋಂದಣಿ ಏನನ್ನು ರಕ್ಷಿಸುತ್ತದೆ? ನೇಕಾರರ ಬಗ್ಗೆ ಈ ಮೊದಲು ಯಾರು ಏನು ಅಧ್ಯಯನ ಮಾಡಿದ್ದಾರೆ? ಸರ್ಕಾರದ ಯೋಜನೆ ಎಷ್ಟು ಜನರಿಗೆ ಮುಟ್ಟಿದೆ? ಒಂದು ಸೀರೆಗೆ ಇವತ್ತು ಮಜೂರಿ ಎಷ್ಟು?

ಪ್ರಶ್ನೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಆಗದಿದ್ದರೆ ಅದು ಪ್ರಶ್ನೆಯಲ್ಲ, ಅಧ್ಯಾಯದ ಹೆಸರು. "ನೇಕಾರರ ಸಮಸ್ಯೆಗಳು" ಎಂದು ಬರೆದುಕೊಂಡವರು ವಾರಗಟ್ಟಲೆ ಓದಿದರೂ ಏನು ಸಾಕು, ಏನು ಸಾಲದು ಎಂಬುದು ಅವರಿಗೆ ತಿಳಿಯುವುದಿಲ್ಲ.

ಹಂತ 2: ಪ್ರತಿ ಪ್ರಶ್ನೆಯ ಮುಂದೆ ಅದರ ನೆಲೆ ಬರೆಯಿರಿ

ಈಗ ಪ್ರತಿ ಪ್ರಶ್ನೆಯ ಎದುರು ಅದು ಯಾವ ಬಗೆಯ ಮಾಹಿತಿ ಎಂದು ಗುರುತು ಹಾಕಿ. ಜನಸಂಖ್ಯೆ ಜನಗಣತಿಯದು. ಮಗ್ಗಗಳ ಲೆಕ್ಕ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯದು (2019-20). ಭೌಗೋಳಿಕ ಸೂಚಕದ ಅರ್ಜಿ, ವಿವರಣೆ ಚೆನ್ನೈನ ನೋಂದಣಿ ಕಚೇರಿಯ ಜಾಲತಾಣದಲ್ಲಿ ಇರುತ್ತವೆ. ಹಿಂದಿನ ಅಧ್ಯಯನಗಳಿಗೆ ಶೋಧಗಂಗಾ (ಪಿಎಚ್‌ಡಿ ಪ್ರಬಂಧಗಳ ಜಾಲತಾಣ) ಮತ್ತು ಜರ್ನಲ್‌ಗಳು. ಯೋಜನೆಯ ಫಲಾನುಭವಿಗಳ ಲೆಕ್ಕ ಕೈಮಗ್ಗ ಮತ್ತು ಜವಳಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಇವತ್ತಿನ ಮಜೂರಿ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಮಗ್ಗದ ಮುಂದೆ ಕೂತು ಕೇಳಬೇಕು.

ಈ ಪಟ್ಟಿಗೆ ಅರ್ಧ ಗಂಟೆ ಸಾಕು. ಇದನ್ನು ಬಿಟ್ಟು ಮುಂದೆ ಹೋದವರೇ ಕೊನೆಯ ವಾರ "ಮಾಹಿತಿ ಸಿಗವಲ್ದು" ಎಂದು ಅಲೆಯುವುದು.

ಹಂತ 3: ಊರಿನ ಎಲ್ಲ ಹೆಸರುಗಳನ್ನು ಪಟ್ಟಿ ಮಾಡಿ

ನಮ್ಮ ಮೂರು ಜಿಲ್ಲೆಗಳ ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ಬೆಳಗಾವಿ, ವಿಜಯಪುರ ಎಂಬ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಇಂಗ್ಲಿಷ್ ವರದಿ, ಪ್ರಬಂಧ, ಗಣತಿಗಳಲ್ಲಿ ಹೆಚ್ಚಾಗಿ ಬೆಳಗಾಂ, ಬಿಜಾಪುರ ಎಂದೇ ಇದೆ. ಆದ್ದರಿಂದ ಎರಡೂ ಹೆಸರಿನಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಯಲ್ಲಿ, ಅಂದರೆ ಕನಿಷ್ಠ ನಾಲ್ಕು ಸಲ ಹುಡುಕಬೇಕು. ಕನ್ನಡದಲ್ಲೂ ಬಿಜಾಪುರ, ವಿಜಾಪುರ, ವಿಜಯಪುರ ಮೂರೂ ಇವೆ. ಬಾಗಲಕೋಟ, ಬಾಗಲಕೋಟೆ ಎರಡೂ ಇವೆ. ಇಳಕಲ್‌ಗೆ ಇಲಕಲ್, ಇಳಕಲ್ಲ ಎಂದೂ ಬರೆಯುತ್ತಾರೆ.

ಎಚ್ಚರಿಕೆ: ಛತ್ತೀಸಗಢದಲ್ಲೂ ಬಿಜಾಪುರ ಎಂಬ ಜಿಲ್ಲೆ ಇದೆ. ಅರಣ್ಯ, ಬುಡಕಟ್ಟು, ನಕ್ಸಲ್ ಎಂಬ ಮಾತುಗಳಿರುವ ಕೋಷ್ಟಕ ಕಂಡರೆ ರಾಜ್ಯದ ಕಾಲಂ ನೋಡಿ. ದೇಶದ ಎಲ್ಲ ಜಿಲ್ಲೆಗಳ ಎಕ್ಸೆಲ್ ಕಡತದಿಂದ ಸಾಲು ಎತ್ತುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಹೊಸ ತಾಲ್ಲೂಕುಗಳದ್ದು ಇನ್ನೊಂದು ತೊಡಕು. 2011ರ ಗಣತಿಯಲ್ಲಿ ಇಳಕಲ್ ತಾಲ್ಲೂಕು ಇಲ್ಲ, ಊರು ಹುನಗುಂದ ತಾಲ್ಲೂಕಿನಲ್ಲಿದೆ. ಗುಳೇದಗುಡ್ಡವನ್ನು ಬಾದಾಮಿಯಲ್ಲಿ, ರಬಕವಿ-ಬನಹಟ್ಟಿಯನ್ನು ಜಮಖಂಡಿಯಲ್ಲಿ, ಚಡಚಣವನ್ನು ಇಂಡಿಯಲ್ಲಿ, ನಿಡಗುಂದಿಯನ್ನು ಬಸವನಬಾಗೇವಾಡಿಯಲ್ಲಿ, ನಿಪ್ಪಾಣಿಯನ್ನು ಚಿಕ್ಕೋಡಿಯಲ್ಲಿ ಹುಡುಕಬೇಕು.

ಕನ್ನಡದಲ್ಲಿ ಹುಡುಕುವಾಗ ವಿಭಕ್ತಿ ಪ್ರತ್ಯಯ ಬಿಡಿ. "ನೇಕಾರರಿಗೆ ಸಾಲಸೌಲಭ್ಯದ" ಎನ್ನುವ ಬದಲು "ನೇಕಾರ ಸಾಲ ಸೌಲಭ್ಯ" ಎಂದು ಹಾಕಿ. ಇಷ್ಟು ಮಾಡಿದರೂ ಕೆಲವು ಸರ್ಕಾರಿ ಕಡತಗಳು ಸಿಗುವುದಿಲ್ಲ, ಏಕೆಂದರೆ ಅವು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೊಂದಲ. ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ಅಂಟಿಸಿ ನೋಡಿ, ಅರ್ಥವಿಲ್ಲದ ಅಕ್ಷರ ಬಂದರೆ ಇದೇ ಕಾಯಿಲೆ. ಅಂಥ ಪಠ್ಯವನ್ನು ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ಬಳಸಬಹುದು. ಹುಡುಕುವುದಕ್ಕೆ ಮಾತ್ರ ಇಲಾಖೆಯ ಜಾಲತಾಣಕ್ಕೇ ಹೋಗಿ ಒಂದೊಂದೇ ಕೊಂಡಿ ಒತ್ತಬೇಕು.

ಹಂತ 4: ಹಿನ್ನೆಲೆ ಓದು

ವಿಶ್ವಕೋಶ, ಕಣಜ (ಸರ್ಕಾರದ ಕನ್ನಡ ಜ್ಞಾನಕೋಶ ಜಾಲತಾಣ), ವಿಕಿಪೀಡಿಯ, ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ. ಇವು ಪದಗಳನ್ನು, ಹೆಸರುಗಳನ್ನು, ಇಸವಿಗಳನ್ನು ಹೆಕ್ಕಲು ಮಾತ್ರ. ಒಂದು ದಿನಕ್ಕಿಂತ ಹೆಚ್ಚು ಕೊಡಬೇಡಿ. ಇವುಗಳಿಂದ ವರದಿಗೆ ನೇರವಾಗಿ ಏನನ್ನೂ ಎತ್ತಬೇಡಿ, ಪುಟದ ಕೆಳಗಿನ ಉಲ್ಲೇಖಗಳನ್ನು ಹಿಡಿದು ಮೂಲಕ್ಕೆ ಹೋಗಿ.

ಚಾಟ್‌ಬಾಟ್‌ಗಳನ್ನೂ ಇದೇ ಗೆರೆಯೊಳಗೆ ಇಡಿ. ಪದ ಸೂಚಿಸಲು ಅವು ಉಪಯುಕ್ತ. ಆದರೆ ಪುಸ್ತಕ, ಲೇಖನಗಳ ಪಟ್ಟಿ ಕೇಳಿದರೆ ಎಷ್ಟೋ ಸಲ ಇಲ್ಲದ ಲೇಖನಕ್ಕೆ ಇರುವ ಜರ್ನಲ್‌ನ ಹೆಸರು ಅಂಟಿಸಿ ಕೊಡುತ್ತವೆ. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದಾಗ ಎಲ್ಲೂ ಸಿಗದಿದ್ದರೆ ಆ ಸಾಲನ್ನು ಅಳಿಸಿ. ಮೌಖಿಕ ಪರೀಕ್ಷೆಯಲ್ಲಿ "ಈ ಲೇಖನ ತೋರಿಸಿ" ಎಂದರೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಹಂತ 5: ಅಂಕಿಗಳು

ಇಲ್ಲಿ ಸಮಯ ಕೊಡಿ, ಏಕೆಂದರೆ ವರದಿಯ ಮರ್ಯಾದೆ ನಿಲ್ಲುವುದು ಅಂಕಿಗಳ ಮೇಲೆ.

ಮೊದಲನೆಯದು ಜನಗಣತಿ. ಬಳಕೆಗೆ ಸಿಗುವ ಕೊನೆಯ ಗಣತಿ 2011ರದು. 2021ರ ಗಣತಿ ನಡೆಯಲೇ ಇಲ್ಲ. "2021ರ ಜನಗಣತಿ ಪ್ರಕಾರ" ಎಂಬ ಸಾಲು ನಿಮ್ಮ ಟಿಪ್ಪಣಿಯಲ್ಲಿ ಇದ್ದರೆ ಆ ಮೂಲವನ್ನೇ ಪೂರ್ತಿ ಕೈಬಿಡಿ, ಅದರಲ್ಲಿ ಬೇರೆ ಅಂಕಿಗಳೂ ನಂಬಲು ಯೋಗ್ಯವಲ್ಲ.

2011ರದ್ದರಲ್ಲೂ ಎರಡು ಬಗೆ ಇದೆ: ತಾತ್ಕಾಲಿಕ ಅಂಕಿ, ಅಂತಿಮ ಅಂಕಿ. ಬೆಳಗಾವಿ ಜಿಲ್ಲೆಗೆ ತಾತ್ಕಾಲಿಕವಾಗಿ ಬಂದದ್ದು 47,78,439, ಅಂತಿಮ 47,79,661. ಬಾಗಲಕೋಟೆಗೆ ತಾತ್ಕಾಲಿಕ 18,90,826, ಅಂತಿಮ 18,89,752. ವಿಜಯಪುರಕ್ಕೆ ತಾತ್ಕಾಲಿಕ 21,75,102, ಅಂತಿಮ 21,77,331. ಅಂತರ್ಜಾಲದ ಎಷ್ಟೋ ಪುಟಗಳಲ್ಲಿ ಇನ್ನೂ ತಾತ್ಕಾಲಿಕ ಅಂಕಿಯೇ ಉಳಿದಿದೆ. ಒಂದು ಅಧ್ಯಾಯದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬರೆದರೆ ಓದುವವರು ಅಲ್ಲೇ ಕೆಂಪು ಗೆರೆ ಎಳೆಯುತ್ತಾರೆ. ಜಿಲ್ಲಾ ಜನಗಣತಿ ಕೈಪಿಡಿಯ ಅಂತಿಮ ಅಂಕಿಯನ್ನೇ ಬಳಸಿ. ಹಳ್ಳಿ, ಪಟ್ಟಣದ ಮಟ್ಟದ ಕೋಷ್ಟಕಗಳೂ ಅದರಲ್ಲೇ ಇವೆ.

ದಶಕಗಳ ಹೋಲಿಕೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಗುಂಡಿ ಇದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 1991ರ ಗಣತಿಯ ಬಿಜಾಪುರ ಜಿಲ್ಲೆ ಎಂದರೆ ಹನ್ನೊಂದು ತಾಲ್ಲೂಕು, 2001ರ ಬಿಜಾಪುರ ಎಂದರೆ ಐದೇ ತಾಲ್ಲೂಕು. 2001ರಲ್ಲಿ ಬಿಜಾಪುರಕ್ಕೆ 18,06,918, ಬಾಗಲಕೋಟೆಗೆ 16,51,892 ಎಂದು ಬೇರೆ ಬೇರೆಯಾಗಿ ಇದೆ. 1991ರ ಒಟ್ಟು ಅಂಕಿಯನ್ನು 2001ರ ಬಿಜಾಪುರದ ಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಜಿಲ್ಲೆಯ ಜನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾದರು ಎಂದು ಕಾಣುತ್ತದೆ. ಅಂಥ ಕೋಷ್ಟಕಕ್ಕೆ "ವಲಸೆಯೇ ಕಾರಣ" ಎಂದು ವಿಶ್ಲೇಷಣೆ ಬರೆದರೆ ಇಡೀ ಅಧ್ಯಾಯ ಹಾಳು. ಸರಿಯಾದ ದಾರಿ: 1991ರ ಕೈಪಿಡಿಯಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಜಮಖಂಡಿ, ಮುಧೋಳ ತಾಲ್ಲೂಕುಗಳ ಅಂಕಿ ಕೂಡಿಸಿ ಅದನ್ನು ಬಾಗಲಕೋಟೆಯ 2001ರ ಅಂಕಿಯೊಂದಿಗೆ ಹೋಲಿಸುವುದು. ಕೋಷ್ಟಕದ ಅಡಿಯಲ್ಲಿ ಹಾಗೆ ಮಾಡಿದ್ದೇವೆ ಎಂದು ಒಂದು ಸಾಲು ಬರೆಯಿರಿ.

ಎರಡನೆಯದು "ಜಿಲ್ಲಾ ಅಂಕಿ ಅಂಶಗಳ ನೋಟ". ಮಳೆ, ಬೆಳೆ ವಿಸ್ತೀರ್ಣ, ಶಾಲೆ, ಬ್ಯಾಂಕು, ಕೈಗಾರಿಕೆ, ಹೀಗೆ ತಾಲ್ಲೂಕುವಾರು ಲೆಕ್ಕ ಇದರಲ್ಲಿರುತ್ತದೆ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಹೋಗುವಾಗ ಕಾಲೇಜಿನ ಪತ್ರ ಒಯ್ಯಿರಿ, ಯಾವ ವರ್ಷದ ಯಾವ ಕೋಷ್ಟಕ ಬೇಕೆಂದು ಬರೆದುಕೊಂಡು ಹೋಗಿ. "ಜಿಲ್ಲೆಯ ಮಾಹಿತಿ ಬೇಕಾಗಿತ್ರಿ" ಎಂದರೆ ಯಾರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ.

ಮೂರನೆಯದು ಮಾದರಿ ಸಮೀಕ್ಷೆಗಳು. ಆರೋಗ್ಯ, ಪೋಷಣೆ ವಿಷಯಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಹಾಳೆ ಇದೆ. ಅದರಲ್ಲಿ ಆವರಣದೊಳಗಿರುವ ಅಂಕಿ 25ರಿಂದ 49 ಪ್ರಕರಣಗಳ ಮೇಲೆ ನಿಂತದ್ದು; ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ ಎಂದು ಅಂಕಿಯನ್ನೇ ಕೊಟ್ಟಿಲ್ಲ. ಆವರಣ ತೆಗೆದು ಅಂಕಿಯನ್ನಷ್ಟೇ ಬರೆದುಕೊಳ್ಳುವುದು ಸಾಮಾನ್ಯ ತಪ್ಪು. ಮಾರುಕಟ್ಟೆ ದರಕ್ಕೆ ರಾಜ್ಯದ ಕೃಷಿ ಮಾರಾಟ ಇಲಾಖೆಯ ಜಾಲತಾಣ ಕೃಷಿ ಮಾರಾಟ ವಾಹಿನಿ ನೋಡಿ. ಒಂದು ದಿನದ ಗರಿಷ್ಠ ದರವನ್ನಲ್ಲ, ಹಂಗಾಮಿನ ಮಾದರಿ ದರವನ್ನು (ಮೋಡಲ್ ದರ, ಅಂದರೆ ಹೆಚ್ಚಿನ ಸರಕು ಮಾರಾಟವಾದ ದರ) ತೆಗೆದುಕೊಳ್ಳಿ.

ಹಂತ 6: ಸಿಗದ ಅಂಕಿಗೆ ಕೂಡಲೇ ಮಾಹಿತಿ ಹಕ್ಕಿನ ಅರ್ಜಿ

ಅರ್ಜಿಯನ್ನು ಕೊನೆಗೆ ಇಟ್ಟುಕೊಂಡವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಉತ್ತರ ಕೊಡಲು ಕಚೇರಿಗೆ 30 ದಿನ ಇದೆ. ಆದ್ದರಿಂದ ಐದನೆಯ ಹಂತದಲ್ಲಿ ಯಾವ ಅಂಕಿ ಸಿಗಲಿಲ್ಲ ಎಂದು ಗೊತ್ತಾದ ದಿನವೇ ಅರ್ಜಿ ಹಾಕಿ, ಮುಂದಿನ ಹಂತಗಳನ್ನು ಆ ಕಾಯುವ ಅವಧಿಯಲ್ಲಿ ಮುಗಿಸಿ.

ಮೊದಲು ಇಲಾಖೆಯ ಜಾಲತಾಣದಲ್ಲಿ 4(1)(ಬಿ) ಕಡತ (ಮಾಹಿತಿ ಹಕ್ಕು ಕಾಯ್ದೆಯ ಆ ಕಲಮಿನಂತೆ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿ) ನೋಡಿ, ಎಷ್ಟೋ ಸಲ ಬೇಕಾದ ಪಟ್ಟಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ನಮೂನೆ ಎ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೊಡಿ. ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಪ್ರತಿಗೆ ಪುಟಕ್ಕೆ 2 ರೂಪಾಯಿ.

"ನೇಕಾರರಿಗೆ ಯೋಜನೆ ಏಕೆ ತಲುಪಿಲ್ಲ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿರುವ ದಾಖಲೆಯನ್ನು, ಅಧಿಕಾರಿಯ ಅಭಿಪ್ರಾಯವನ್ನಲ್ಲ. ಹೀಗೆ ಕೇಳಿ: "2022-23ರಿಂದ 2024-25ರವರೆಗೆ ಇಳಕಲ್ ತಾಲ್ಲೂಕಿನಲ್ಲಿ (ಯೋಜನೆಯ ಹೆಸರು) ಅಡಿ ಬಂದ ಅರ್ಜಿ, ಮಂಜೂರಾದ ಅರ್ಜಿ, ಬಿಡುಗಡೆಯಾದ ಮೊತ್ತದ ವರ್ಷವಾರು ಪಟ್ಟಿಯ ಪ್ರತಿ." ಜನರ ಹೆಸರು, ಬ್ಯಾಂಕ್ ಖಾತೆ ಕೇಳಬೇಡಿ, ಅದು ನಿಮಗೆ ಬೇಕಾಗಿಯೂ ಇಲ್ಲ, ಅರ್ಜಿ ತಿರಸ್ಕಾರಕ್ಕೂ ದಾರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಬಹುದು.

ಹಂತ 7: ಹಿಂದಿನ ಅಧ್ಯಯನಗಳು

ಶೋಧಗಂಗಾದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್ ಆಗಿವೆ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಈ ಮೂರನ್ನು ಮೊದಲು ನೋಡಿ. ರಾಣಿ ಚೆನ್ನಮ್ಮ ಶುರುವಾದದ್ದು 2010ರಲ್ಲಿ. ಅದಕ್ಕೂ ಮೊದಲು ನಮ್ಮ ಭಾಗದ ಮೇಲೆ ನಡೆದ ಸಂಶೋಧನೆಯ ಬಹುಪಾಲು ಧಾರವಾಡದ ಹೆಸರಿನಲ್ಲಿದೆ. ಕನ್ನಡ ಪ್ರಬಂಧಗಳ ಶೀರ್ಷಿಕೆಯನ್ನು ಕೆಲವೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿರುತ್ತಾರೆ, ಹಾಗೂ ಹುಡುಕಿ.

ಪ್ರಬಂಧ ಸಿಕ್ಕ ಕೂಡಲೇ ಮೊದಲ ಅಧ್ಯಾಯ ತೆರೆಯಬೇಡಿ. ಗ್ರಂಥಋಣದ ಕಡತ ತೆರೆಯಿರಿ. ವರ್ಷಗಟ್ಟಲೆ ಆ ವಿಷಯದ ಮೇಲೆ ಕೆಲಸ ಮಾಡಿದವರು ಯಾವ ವರದಿ, ಯಾವ ಲೇಖನ ಬಳಸಿದ್ದಾರೆ ಎಂಬುದು ಅಲ್ಲಿದೆ. ನಿಮ್ಮ ಪಟ್ಟಿಯ ಅರ್ಧ ಅಲ್ಲೇ ಸಿದ್ಧವಾಗುತ್ತದೆ. ಆಮೇಲೆ ಸಂಶೋಧನಾ ವಿಧಾನದ ಅಧ್ಯಾಯ, ಕೊನೆಗೆ ಫಲಿತಾಂಶ. ಎರಡು ಮೂರು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಗೂಗಲ್ ಸ್ಕಾಲರ್‌ನಲ್ಲಿ, ಎನ್‌-ಲಿಸ್ಟ್‌ನಲ್ಲಿ ಹುಡುಕಿ.

ಜರ್ನಲ್ ನಂಬಬಹುದೇ? ಜರ್ನಲ್‌ನ ಗುರುತಿಗೆ ಕೊಡುವ ಎಂಟು ಅಂಕಿಯ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಅಂತರರಾಷ್ಟ್ರೀಯ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ, ಅದೇ ಹೆಸರು ಬರುತ್ತದೆಯೇ ನೋಡಿ. ಹೆಸರು ಸರಿ ಬಂದರೂ ಗುಣಮಟ್ಟಕ್ಕೆ ಅದು ಪ್ರಮಾಣಪತ್ರವಲ್ಲ. ಎರಡು ದಿನದಲ್ಲಿ ಪ್ರಕಟಣೆ, ಒಂದೇ ಸಂಚಿಕೆಯಲ್ಲಿ ಹೋಮಿಯೋಪತಿ, ಹಳಗನ್ನಡ, ಸಿವಿಲ್ ಎಂಜಿನಿಯರಿಂಗ್ ಎಲ್ಲವೂ, ವಿಳಾಸದ ಜಾಗದಲ್ಲಿ ಬರೀ ವಾಟ್ಸ್ಆ್ಯಪ್ ಸಂಖ್ಯೆ: ಇವು ಕಂಡರೆ ದೂರ ಇರಿ.

ಹಂತ 8: ಹಳೆಯ ದಾಖಲೆಗಳು

ಇತಿಹಾಸ, ಸಾಹಿತ್ಯ, ಪುರಾತತ್ವದವರಿಗೆ ಈ ಹಂತ ಮುಖ್ಯ. ಉಳಿದವರು ಗೆಜೆಟಿಯರ್ (ಜಿಲ್ಲೆಯ ಸಮಗ್ರ ವಿವರಗಳ ಸರ್ಕಾರಿ ಗ್ರಂಥ) ನೋಡಿ ಮುಂದೆ ಹೋಗಬಹುದು. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ 1884ರ ಮುಂಬೈ ಪ್ರಾಂತದ ಗೆಜೆಟಿಯರ್‌ನ 21ನೆಯ ಸಂಪುಟ ಬೆಳಗಾವಿಗೆ, 23ನೆಯದು ಬಿಜಾಪುರಕ್ಕೆ. ಆಗಿನ ಕಡತಗಳನ್ನು ಮೊದಲು ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹುಡುಕಿ. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋಗುವ ಮೊದಲಿನ ಹೆಚ್ಚಿನ ಕಾಗದಪತ್ರಗಳಲ್ಲಿ ಜಿಲ್ಲೆಯ ಹೆಸರು ಕಲಾದಗಿ. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಾಗಿದ್ದವು, ಬ್ರಿಟಿಷ್ ಜಿಲ್ಲೆಯ ಲೆಕ್ಕದಲ್ಲಿ ಅವು ಸೇರಿಲ್ಲ.

ಶಾಸನ ಹುಡುಕುವವರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಿಗಲಿಲ್ಲ ಎಂದು ಕೈಬಿಡುತ್ತಾರೆ. ಆ ಮಾಲೆ ಮುಖ್ಯವಾಗಿ ಹಳೆ ಮೈಸೂರು ಭಾಗದ್ದು. ನಮ್ಮ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೆಯ ಸಂಪುಟಗಳಲ್ಲಿ "ಬಾಂಬೆ ಕರ್ನಾಟಕ" ಹೆಸರಿನಲ್ಲಿವೆ. ಐಹೊಳೆಯ ಮೇಗುತಿ ಶಾಸನ ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿದೆ. ಕಾಲ ಬರೆಯುವಾಗ ಶಕ ವರ್ಷಕ್ಕೆ 78 ಕೂಡಿಸಿ: ಶಕ 556 ಎಂದರೆ ಕ್ರಿ.ಶ. 634. ಜನವರಿಯಿಂದ ಮಾರ್ಚ್ ನಡುವಿನ ತಿಥಿಯಾದರೆ 79 ಕೂಡಿಸಬೇಕು.

ವಚನ ಉಲ್ಲೇಖಿಸುವವರು ವಾಟ್ಸ್ಆ್ಯಪ್‌ನಲ್ಲಿ ಬಂದ ಪಾಠವನ್ನು ಹಾಗೇ ಹಾಕಬೇಡಿ. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ವಚನದ ಸಂಖ್ಯೆ ಹುಡುಕಿ, ಅಂಕಿತ ಸರಿಯಿದೆಯೇ ನೋಡಿ, ಸಂಪುಟ ಮತ್ತು ಸಂಖ್ಯೆ ಎರಡನ್ನೂ ಬರೆಯಿರಿ.

ಹಂತ 9: ಕ್ಷೇತ್ರಕಾರ್ಯ

ಪುಸ್ತಕದಲ್ಲಿ ಸಿಗುವುದನ್ನು ಜನರಿಗೆ ಕೇಳಿ ಅವರ ದುಡಿಮೆಯ ಹೊತ್ತು ಕೆಡಿಸಬೇಡಿ. ಕ್ಷೇತ್ರಕಾರ್ಯ ಇಷ್ಟು ತಡವಾಗಿ ಬರುವುದಕ್ಕೆ ಕಾರಣ ಅದೇ.

"ನಿಮ್ಮ ತಿಂಗಳ ಆದಾಯ ಎಷ್ಟ್ರಿ?" ಎಂದು ಕೇಳಿದರೆ ಬರುವ ಅಂಕಿ ಅಂದಾಜಿನದು. ಮಜೂರಿ ಮೇಲೆ ನೇಯುವವರು ತಿಂಗಳ ಲೆಕ್ಕದಲ್ಲಿ ಯೋಚಿಸುವುದಿಲ್ಲ. ಪ್ರಶ್ನೆಯನ್ನು ಬಿಡಿಸಿ: ಒಂದು ಸೀರೆಗೆ ಮಜೂರಿ ಎಷ್ಟು, ಒಂದು ಸೀರೆ ಇಳಿಸಲು ಎಷ್ಟು ದಿನ, ನೂಲು ಯಾರದು, ಹಾಸು (ಉದ್ದದ ನೂಲು) ಹೂಡುವುದು ಯಾರು, ಕಂಡಿಕೆ (ಅಡ್ಡ ನೂಲಿನ ಸುರುಳಿ) ಸುತ್ತುವುದು ಯಾರು, ಹೋದ ತಿಂಗಳು ಮಗ್ಗ ಎಷ್ಟು ದಿನ ನಿಂತಿತ್ತು. ಆಗ ಆದಾಯವನ್ನು ನೀವೇ ಲೆಕ್ಕ ಹಾಕಬಹುದು. ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಕೆಲಸಕ್ಕೆ ಪ್ರತ್ಯೇಕ ಮಜೂರಿ ಇದೆಯೇ ಎಂಬುದೂ ಆಗಲೇ ಹೊರಬರುತ್ತದೆ. ಪ್ರಶ್ನಾವಳಿಯಲ್ಲಿ ಕುಟುಂಬದ ಯಜಮಾನರಿಗೆ ಮಾತ್ರ ಜಾಗ ಇಟ್ಟರೆ ಈ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಪ್ರಶ್ನಾವಳಿಯನ್ನು ಮೊದಲು ನಾಲ್ಕೈದು ಮನೆಗಳಲ್ಲಿ ಪರೀಕ್ಷಿಸಿ, ಅರ್ಥವಾಗದ ಪ್ರಶ್ನೆ ತಿದ್ದಿ, ಆಮೇಲೆ ಝೆರಾಕ್ಸ್ ಮಾಡಿಸಿ. ಧ್ವನಿಮುದ್ರಣಕ್ಕೆ, ಫೋಟೊಕ್ಕೆ ಒಪ್ಪಿಗೆ ಕೇಳಿ. ವರದಿಯಲ್ಲಿ ಹೆಸರಿನ ಬದಲು ಸಂಖ್ಯೆ ಬಳಸಿ. ಉತ್ತರಗಳನ್ನು ಅದೇ ರಾತ್ರಿ ಎಕ್ಸೆಲ್‌ಗೆ ಏರಿಸಿ, ವಾರ ಬಿಟ್ಟರೆ ನಿಮ್ಮ ಕೈಬರಹ ನಿಮಗೇ ಓದಲು ಬರುವುದಿಲ್ಲ.

ಹಂತ 10: ಟಿಪ್ಪಣಿಯ ಪರೀಕ್ಷೆ

ಟಿಪ್ಪಣಿ ಬರೆಯುವ ಕೆಲಸ ಎರಡನೆಯ ಹಂತದಿಂದಲೇ ನಡೆದಿರಬೇಕು. ಪ್ರತಿ ಟಿಪ್ಪಣಿಯಲ್ಲಿ ಐದು ಸಂಗತಿ: ಯಾರದು, ಏನು, ಯಾವ ವರ್ಷ, ಯಾವ ಪುಟ ಅಥವಾ ಕೋಷ್ಟಕ ಸಂಖ್ಯೆ, ನೀವು ನೋಡಿದ ದಿನಾಂಕ. ಪತ್ರಿಕೆಯಾದರೆ ಆವೃತ್ತಿಯ ಊರನ್ನೂ ಸೇರಿಸಿ. ಹುಬ್ಬಳ್ಳಿ ಆವೃತ್ತಿಯ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರಲಿಕ್ಕಿಲ್ಲ. ಮೂಲದ ಮಾತನ್ನು ಹಾಗೇ ಎತ್ತಿಕೊಂಡಿದ್ದರೆ ಉದ್ಧರಣ ಚಿಹ್ನೆಯನ್ನು ಆಗಲೇ ಹಾಕಿ. ಕೃತಿಚೌರ್ಯದ ಬಗ್ಗೆ 2018ರ ಯುಜಿಸಿ ನಿಯಮದಲ್ಲಿ 10 ಶೇಕಡಾವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40 ಶೇಕಡಾವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ, ಅದನ್ನೂ ಮೀರಿದರೆ ದಂಡ ಇನ್ನೂ ಕಠಿಣ. ಮೂಲ ಹೇಳಿ ಚಿಹ್ನೆಯೊಳಗೆ ಇಟ್ಟ ಉಲ್ಲೇಖ ಆ ಲೆಕ್ಕಕ್ಕೆ ಸೇರುವುದಿಲ್ಲ.

ಬರೆಯಲು ಕೂರುವ ಮೊದಲು ಮೊದಲ ಹಂತದ ಪ್ರಶ್ನೆಗಳನ್ನು ಒಂದು ಹಾಳೆಯ ಎಡಕ್ಕೆ ಬರೆದು, ಬಲಕ್ಕೆ ಪ್ರತಿಯೊಂದರ ಉತ್ತರ ಯಾವ ಟಿಪ್ಪಣಿಯಲ್ಲಿದೆ ಎಂದು ಸಂಖ್ಯೆ ಹಾಕಿ. ಬಲಭಾಗ ಖಾಲಿ ಇರುವ ಪ್ರಶ್ನೆಗೆ ಇನ್ನೂ ಒಂದು ವಾರ ಕೊಡಬಹುದು. ಆಮೇಲೂ ಖಾಲಿ ಉಳಿದರೆ ಮಾರ್ಗದರ್ಶಕರಿಗೆ ಆ ಹಾಳೆ ತೋರಿಸಿ, ಪ್ರಶ್ನೆಯನ್ನು ಕೈಬಿಡುವುದೋ ಅಧ್ಯಯನದ ಮಿತಿ ಎಂದು ಬರೆಯುವುದೋ ಎಂದು ಅವರ ಜೊತೆಗೇ ತೀರ್ಮಾನಿಸಿ.